ಬಾಡಿಗೆ ಮನೆಯ ಬೋರ್ಡಿನ ಹಿಂದೆ

ಮಾರನಹಳ್ಳಿ ಕಡೆ ಬಾಡಿಗೆ ಮನೆ ನೋಡಲು ಬಂದವರು ಮೊದಲು ಕೇಳುವುದು ನೀರಿನ ವಿಚಾರ. ಆಮೇಲೆ ಹೆಂಚು ಸೋರುತ್ತದೆಯೇ, ಬೈಕು ನಿಲ್ಲಿಸಲು ಜಾಗ ಇದೆಯೇ, ಅಡ್ವಾನ್ಸ್ ಎಷ್ಟು, ಫೋನಿಗೆ ಸಿಗ್ನಲ್ ಸಿಗುತ್ತದೆಯೇ ಎಂಬ ಪ್ರಶ್ನೆಗಳು. ಸ್ವಿಚ್ ಒತ್ತಿದಾಗ ಬಲ್ಬ್ ಹತ್ತಿಕೊಂಡರೆ ಕರೆಂಟಿನ ವಿಚಾರ ಅಲ್ಲಿಗೆ ಮುಗಿಯಿತು. ಹಾಲುಕ್ಕಿಸಿ, ಸಾಮಾನು ಜೋಡಿಸಿ, ಆರಿದ್ರಾ ಮಳೆ ಹಿಡಿದುಕೊಂಡ ಮೇಲೆ ನಿಜ ಸಂಗತಿ ಒಂದೊಂದಾಗಿ ಹೊರಗೆ ಬರುತ್ತದೆ. ಗೀಸರ್ ಹಾಕಿದರೆ ಅಡುಗೆಮನೆಯ ದೀಪ ಮಂಕಾಗುತ್ತದೆ. ಇಸ್ತ್ರಿಪೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಬಚ್ಚಲಿನ ನಲ್ಲಿ ಮುಟ್ಟಿದರೆ ಬೆರಳು ಜುಂ ಅನ್ನುತ್ತದೆ. ಓನರಿಗೆ ಹೇಳಿದರೆ, "ಇಷ್ಟು ವರ್ಷ ನಾವೇ ಇದ್ವಲ್ಲಪ್ಪ, ಏನೂ ಆಗಿರ್ಲಿಲ್ಲ. ಎಲ್ಲಾನೂ ಒಟ್ಟಿಗೆ ಹಾಕ್ಬೇಡಿ" ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಅವರಿದ್ದಾಗ ಏನೂ ಆಗದಿದ್ದುದಕ್ಕೆ ಕಾರಣವಿದೆ. ಈಗ ಆಗುತ್ತಿರುವುದಕ್ಕೂ ಕಾರಣವಿದೆ.

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಸಕಲೇಶಪುರ, ದೋಣಿಗಲ್ ದಾಟಿ ಶಿರಾಡಿ ಘಾಟಿಗೆ ಇಳಿಯುವ ಜಾಗದಲ್ಲಿರುವ ಊರು ಇದು. ಮಳೆಗಾಲದಲ್ಲಿ ಹಾಸನ ಜಿಲ್ಲೆಯ ಮಳೆ ವರದಿ ಓದುವವರಿಗೆ ಮಾರನಹಳ್ಳಿಯ ಹೆಸರು ಚೆನ್ನಾಗಿ ಗೊತ್ತು. 2024ರ ಜುಲೈಯಲ್ಲಿ ಹತ್ತಿರದ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಇಡೀ ರಾಜ್ಯ ಇತ್ತ ನೋಡಿತು. ಇಂಥ ಮಳೆ ರಸ್ತೆಗೆ ಏನು ಮಾಡುತ್ತದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಗೋಡೆಯೊಳಗಿನ ವೈರಿಗೆ ಏನು ಮಾಡುತ್ತದೆ ಎಂಬುದು ಮನೆಯಲ್ಲಿ ವಾಸವಿದ್ದವರಿಗೆ ಮಾತ್ರ ಗೊತ್ತಾಗುತ್ತದೆ.

ಇಲ್ಲಿ ಬಾಡಿಗೆಗೆ ಸಿಗುವುದು ಹಳೆಯ ಹೆಂಚಿನ ಮನೆಯ ಅರ್ಧ ಭಾಗ, ಹೆದ್ದಾರಿ ಬದಿಯ ಅಂಗಡಿಯ ಮೇಲಿನ ಮಹಡಿ, ಇಲ್ಲವೇ ಒಂದು ಕಾಲಕ್ಕೆ ಕಾಫಿ ಮೂಟೆ ಇಡುತ್ತಿದ್ದ ಕೋಣೆಗೆ ಬಚ್ಚಲು ಸೇರಿಸಿ ಮಾಡಿದ ಮನೆ. ಬರುವವರು ಶಾಲೆಯ ಮೇಷ್ಟ್ರು, ನರ್ಸು, ತೋಟದ ರೈಟರು, ಹೋಂಸ್ಟೇ ಕೆಲಸದವರು, ರಸ್ತೆ ಕಾಮಗಾರಿಯವರು. ಸಕಲೇಶಪುರ, ಬಾಳ್ಳುಪೇಟೆ, ಆಲೂರಿನ ವಠಾರಗಳ ಕಥೆಯೂ ಹೆಚ್ಚು ಬೇರೆಯಲ್ಲ.

ಈ ಮನೆಗಳಿಗೆ ಮೊದಲು ಕರೆಂಟು ಬಂದಾಗ ಅದು ಬಂದದ್ದು ದೀಪಕ್ಕಾಗಿ. ಮರದ ರೀಪರ್ ಪಟ್ಟಿಯ ಮೇಲೆ ತಗಡಿನ ಕ್ಲಿಪ್ ಹೊಡೆದು ಎಳೆದ ವೈರು, ದುಂಡನೆಯ ಮರದ ಬ್ಲಾಕಿನ ಮೇಲೆ ಕಪ್ಪು ಬೇಕಲೈಟ್ ಸ್ವಿಚ್ಚು, ಬಾಗಿಲ ಮೇಲೆ ಪಿಂಗಾಣಿಯ ಫ್ಯೂಸು. ಬಡವರ ಮನೆಗೆ ಸರ್ಕಾರದ ಭಾಗ್ಯಜ್ಯೋತಿ ಯೋಜನೆ ಬಂದಾಗ ಕೊಟ್ಟದ್ದು ಒಂದೇ ಒಂದು ಬಲ್ಬು. ಉಳ್ಳವರ ಮನೆಯಲ್ಲೂ ನಾಲ್ಕು 40 ವ್ಯಾಟಿನ ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ. ಎಲ್ಲ ಸೇರಿಸಿದರೂ 300 ವ್ಯಾಟ್ ದಾಟುತ್ತಿರಲಿಲ್ಲ. 230 ವೋಲ್ಟಿನಲ್ಲಿ ಅದು 1.3 ಆಂಪಿಯರ್. ಸ್ನಾನಕ್ಕೆ ಹಂಡೆ ಒಲೆ ಇತ್ತು, ಸೌದೆಗೆ ತೋಟದ ಚಿಗುರು ಕಸಿದ ಕಡ್ಡಿ ಇತ್ತು, ರುಬ್ಬಲು ಒರಳಿತ್ತು. ವೈರಿಂಗಿಗೆ ಕೆಲಸವೇ ಇರಲಿಲ್ಲ.

ಮನೆಯನ್ನು ಎರಡು ಭಾಗ ಮಾಡಿ ಬಾಡಿಗೆಗೆ ಕೊಟ್ಟಾಗ ಹಂಡೆ ಒಲೆ ಓನರ್ ಪಾಲಿಗೆ ಹೋಯಿತು. ಬಾಡಿಗೆಯವರ ಪಾಲಿಗೆ ಬಂದದ್ದು ಗೀಸರ್ ಅಥವಾ ಬಕೆಟ್ಟಿಗೆ ಇಳಿಬಿಡುವ ಕಾಯಿಲ್. ಗೀಸರಿಗೆ 2,000 ವ್ಯಾಟ್, ಇಂಡಕ್ಷನ್ ಒಲೆಗೆ 1,800, ಇಸ್ತ್ರಿಪೆಟ್ಟಿಗೆಗೆ 1,000, ಮಿಕ್ಸಿಗೆ 600. ಬೆಳಿಗ್ಗೆ ಏಳೂವರೆಗೆ, ಒಬ್ಬರು ಸ್ನಾನಕ್ಕೆ ಹೋಗಿ, ಇನ್ನೊಬ್ಬರು ಇಂಡಕ್ಷನ್ ಒಲೆ ಹಚ್ಚಿ ಚಟ್ನಿ ರುಬ್ಬಿ, ಒಣಗದ ಶಾಲೆಯ ಸಮವಸ್ತ್ರಕ್ಕೆ ಇಸ್ತ್ರಿ ಒತ್ತುವ ಹೊತ್ತಿಗೆ, ಒಟ್ಟು 5,400 ವ್ಯಾಟ್. ಅಂದರೆ 23 ಆಂಪಿಯರ್‌ಗೂ ಹೆಚ್ಚು. ಹಿಂದಿನ ಹದಿನೆಂಟು ಪಟ್ಟು. ವೈರು ಬಿಸಿಯಾಗುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಹದಿನೆಂಟು ಪಟ್ಟಾದರೆ ಮುನ್ನೂರಕ್ಕೂ ಹೆಚ್ಚು ಪಟ್ಟು. ಅದೇ ಹಳೆಯ ವೈರಿನಲ್ಲೇ ಇಷ್ಟೂ ಹರಿಯಬೇಕೆಂದರೆ ಅದರ ಹೊದಿಕೆ ಎಷ್ಟು ದಿನ ತಡೆದೀತು?

ದೀಪಕ್ಕೆ ಎಳೆದ 1 ಚದರ ಮಿಲಿಮೀಟರಿನ ತಾಮ್ರದ ವೈರು ಪೈಪಿನೊಳಗೆ ಹತ್ತು, ಹನ್ನೊಂದು ಆಂಪಿಯರ್ ಹೊತ್ತರೆ ಹೆಚ್ಚು. ಗೀಸರಿಗೆ 4 ಚದರ ಮಿ.ಮೀ. ವೈರನ್ನು ಮೇನ್‌ನಿಂದ ನೇರ, ನಡುವೆ ಎಲ್ಲೂ ಕವಲಿಲ್ಲದೆ ಎಳೆಯಬೇಕು. ಪವರ್ ಪ್ಲಗ್ಗಿಗೆ ಕನಿಷ್ಠ 2.5. ನಾನು ನೋಡಿದ ಬಾಡಿಗೆ ಮನೆಗಳಲ್ಲಿ ಇದು ಸರಿಯಾಗಿದ್ದದ್ದು ಅಪರೂಪ.

ಹೆದ್ದಾರಿ ಬದಿಯ ಅಂಥದೊಂದು ಮನೆಯಲ್ಲಿ ವೈರ್‌ಮ್ಯಾನ್ ಬೋರ್ಡ್ ಬಿಚ್ಚುವಾಗ ಪಕ್ಕದಲ್ಲಿ ನಿಂತಿದ್ದೆ. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ನಾಲ್ಕು ಸ್ಕ್ರೂ ತೆಗೆದ. ಹೊರಗೆ ಹೊಸ ಬಿಳಿ ಸ್ವಿಚ್ಚುಗಳು, ಹೊಳೆಯುವ ಪ್ಲೇಟು. ಒಳಗೆ ಮರದ ಪೆಟ್ಟಿಗೆ ಬೂಷ್ಟು ಹಿಡಿದು ಬೆಳ್ಳಗಾಗಿತ್ತು, ಮೂಲೆಯಲ್ಲಿ ಜಿರಲೆ ಮೊಟ್ಟೆ. ಒಂದೇ ಸ್ಕ್ರೂವಿಗೆ ಮೂರು ವೈರು ತಿರುಚಿ ಸಿಕ್ಕಿಸಿದ್ದರು. ಅದರಲ್ಲೊಂದು ಅಲ್ಯೂಮಿನಿಯಂ, ಎರಡು ತಾಮ್ರ. ತೇವ ಇರುವ ಕಡೆ ಈ ಎರಡು ಲೋಹ ಸೇರಿದ ಜಾಗ ಬೇಗ ತುಕ್ಕು ಹಿಡಿದು ಸಡಿಲವಾಗುತ್ತದೆ, ಸಡಿಲವಾದ ಜಾಗ ಕಾಯುತ್ತದೆ. ಅಲ್ಲಿ ಪ್ಲಾಸ್ಟಿಕ್ಕು ಕಂದಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಸಾಕೆಟ್ಟಿನ ಮೂರನೆಯ ದೊಡ್ಡ ತೂತು, ಅಂದರೆ ಅರ್ಥ್ ಪಿನ್ನಿನದು, ಖಾಲಿ ಇತ್ತು. ಅದಕ್ಕೆ ವೈರೇ ಬಂದಿರಲಿಲ್ಲ. "ಇದು ಸುಮ್ನೆ ತೋರಿಸೋಕೆ ಇರೋ ತೂತು ಸಾರ್" ಎಂದ. ಫ್ಯೂಸ್ ಕ್ಯಾರಿಯರ್ ಎಳೆದು ಕೈಗಿಟ್ಟ. ಒಂದು ಎಳೆ ಇರಬೇಕಾದಲ್ಲಿ ಆರೇಳು ಎಳೆ ಹೊಸೆದು ಕಟ್ಟಿದ್ದರು.

ಈ ಹೊಸೆದ ಎಳೆಗಳಲ್ಲೇ ಅಪಾಯದ ಬೇರಿದೆ. ಪದೇ ಪದೇ ಫ್ಯೂಸ್ ಹೋಗುವುದು ಬೇಸರದ ಸಂಗತಿ, ಅದರಲ್ಲೂ ಕತ್ತಲಲ್ಲಿ ಟಾರ್ಚ್ ಹಿಡಿದು ಕಟ್ಟಬೇಕಾದಾಗ. ಅದಕ್ಕೆ ಯಾರೋ ದಪ್ಪಗೆ ಕಟ್ಟಿಬಿಡುತ್ತಾರೆ. ಅಲ್ಲಿಗೆ ಫ್ಯೂಸ್ ಹೋಗುವುದು ನಿಲ್ಲುತ್ತದೆ. ಕರಗುವ ಕೆಲಸ ಗೋಡೆಯೊಳಗಿನ ವೈರಿಗೆ ವರ್ಗಾವಣೆಯಾಗುತ್ತದೆ. ಫ್ಯೂಸಿನ ಬದಲು ಎಂಸಿಬಿ ಇರುವ ಮನೆಗಳಲ್ಲೂ ಇದೇ ತಪ್ಪು ಬೇರೆ ವೇಷದಲ್ಲಿ ನಡೆಯುತ್ತದೆ. 16 ಆಂಪಿಯರಿನದು ಬೀಳುತ್ತಿದೆ, 32ರದು ಹಾಕಿ ಎಂದು ಹೇಳಿ ಹಾಕಿಸಿಕೊಳ್ಳುತ್ತಾರೆ. ಎಂಸಿಬಿ ಇರುವುದು ವೈರನ್ನು ಕಾಯಲು. 1.5 ಚದರ ಮಿ.ಮೀ. ವೈರಿಗೆ 10 ಆಂಪಿಯರ್, 2.5ಕ್ಕೆ 16 ಎಂಬ ಜೋಡಿ ತಪ್ಪಿದರೆ ಅದು ಅಲ್ಲಿದ್ದೂ ಇಲ್ಲದಂತೆ. ವೈರು ಬದಲಿಸದೆ ಎಂಸಿಬಿ ಮಾತ್ರ ದೊಡ್ಡದು ಮಾಡಿಕೊಡುವ ವೈರ್‌ಮ್ಯಾನ್‌ನನ್ನು ಮತ್ತೆ ಮನೆಗೆ ಸೇರಿಸಬೇಡಿ ಎಂದು ನಾನು ಕಟುವಾಗಿಯೇ ಹೇಳುತ್ತೇನೆ.

ಬೆಂಕಿಯ ಭಯ ದೊಡ್ಡದು, ನಿಜ. 2025ರ ಆಗಸ್ಟ್ 16ರ ಬೆಳಗಿನ ಜಾವ ಬೆಂಗಳೂರಿನ ನಗರ್ತಪೇಟೆಯಲ್ಲಿ ಕೆಳಗೆ ಮ್ಯಾಟ್ ಅಂಗಡಿ, ಮೇಲೆ ಮನೆ ಇದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಮಕ್ಕಳೂ ಸೇರಿ ಐವರು ಸತ್ತರು. ಶಾರ್ಟ್ ಸರ್ಕ್ಯೂಟ್ ಎಂಬ ಶಂಕೆ ಅಂದೇ ಬಂತು. ಆದರೆ ಮಲೆನಾಡಿನ ಹಳೆ ಮನೆಯಲ್ಲಿ ಬೆಂಕಿಗಿಂತ ಹತ್ತಿರದ ಅಪಾಯ ಶಾಕಿನದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ ಈಚಿನ ವರ್ಷಗಳಲ್ಲಿ ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ಕರೆಂಟ್ ಹೊಡೆದು ಸಾಯುತ್ತಿದ್ದಾರೆ. ಇಲ್ಲಿ ಗೋಡೆ ಒದ್ದೆ, ನೆಲ ಒದ್ದೆ, ಕೈ ಒದ್ದೆ, ಚಪ್ಪಲಿಯೂ ಒದ್ದೆ. ಒದ್ದೆ ಮೈಯ ಪ್ರತಿರೋಧ ಸುಮಾರು ಸಾವಿರ ಓಮ್ ಎಂದಿಟ್ಟುಕೊಂಡರೆ 230 ವೋಲ್ಟ್ ತಾಗಿದಾಗ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಎದೆಬಡಿತ ಹದ ತಪ್ಪಲು ಅದರ ಅರ್ಧವೂ ಬೇಡ. ಐದು ಆಂಪಿಯರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಮನುಷ್ಯ ಅಂಟಿಕೊಂಡಿದ್ದರೂ ಫ್ಯೂಸು, ಎಂಸಿಬಿ ಎರಡೂ ಒಂದು ಬಲ್ಬ್ ಉರಿಯುತ್ತಿದೆ ಎಂಬಷ್ಟೇ ತಿಳಿದು ಸುಮ್ಮನಿರುತ್ತವೆ.

ಇದನ್ನು ಗುರುತಿಸುವುದು ಆರ್‌ಸಿಸಿಬಿ. ಅಂಗಡಿಯಲ್ಲಿ ಇಎಲ್‌ಸಿಬಿ ಎಂದು ಕೇಳಿದರೂ ಅದನ್ನೇ ಕೊಡುತ್ತಾರೆ. ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸು ಬರಬೇಕು. ಬರಲಿಲ್ಲವೆಂದರೆ ನಡುವೆ ಎಲ್ಲೋ ಸೋರಿದೆ, ಗೋಡೆಗೋ ನಲ್ಲಿಗೋ ಮನುಷ್ಯನ ಮೈಗೋ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಅದು ಬೀಳುತ್ತದೆ. ಸೋರಿಕೆ ದೊಡ್ಡದಿದ್ದರೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ. ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಮನುಷ್ಯನ ಮೈ ಎಷ್ಟು ಕರೆಂಟು ತಡೆದೀತು, ಎಷ್ಟಕ್ಕೆ ಹಿಡಿದ ತಂತಿ ಬಿಡಲಾಗದೆ ಅಂಟಿಕೊಳ್ಳುತ್ತದೆ ಎಂದು ವರ್ಷಗಟ್ಟಲೆ ಅಳೆದರು. 1961ರಲ್ಲಿ ಅಮೆರಿಕದ ಮನೆಗಳಿಗೆ ಇಂಥದೇ ಸಾಧನ ರೂಪಿಸಿದ್ದೂ ಅವರೇ. ಅಲ್ಲಿ 1970ರ ದಶಕದಲ್ಲೇ ಸ್ನಾನಗೃಹದ ಪ್ಲಗ್ಗುಗಳಿಗೆ ಅದು ಕಡ್ಡಾಯವಾಯಿತು. ನಮ್ಮಲ್ಲೂ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು, 2010ರವು ಮತ್ತು ಅವುಗಳ ಜಾಗಕ್ಕೆ 2023ರಲ್ಲಿ ಬಂದವು, ಸೋರಿಕೆ ತಡೆಯುವ ಸಾಧನವನ್ನು ಕೇಳುತ್ತವೆ. ಇಬ್ಬರು ಇರುವ ಸಣ್ಣ ಮನೆಗೆ ಸಾಕಾಗುವ ಒಂದಕ್ಕೆ ಎರಡು ಸಾವಿರ ರೂಪಾಯಿ ಆಸುಪಾಸು. ಬಾಡಿಗೆ ಮನೆಯಲ್ಲಿ ಒಂದೇ ಒಂದು ಕೆಲಸ ಮಾಡಿಸಲು ಕೈಲಾಗುವುದಾದರೆ ಇದನ್ನೇ ಮಾಡಿಸಿ. ಉಳಿದದ್ದು ಆಮೇಲೆ.

ಇಷ್ಟು ಹೇಳಿದರೆ ಸಾಲದು. ಈ ಭಾಗದಲ್ಲಿ ಅದನ್ನು ಹಾಕಿಸಿಕೊಂಡವರೇ ಮಳೆಗಾಲದಲ್ಲಿ ತೆಗೆಸಿದ್ದನ್ನು ಕಂಡಿದ್ದೇನೆ. "ದಿನಕ್ಕೆ ಹತ್ತು ಸಲ ಬೀಳುತ್ತೆ, ತಲೆನೋವು" ಎಂದು ವೈರ್‌ಮ್ಯಾನ್‌ಗೆ ಹೇಳಿದರೆ ಆತ ಬೈಪಾಸ್ ಮಾಡಿ ಹೋಗುತ್ತಾನೆ. ಬೀಳುತ್ತಿರುವುದು ಅದು ಕೆಟ್ಟಿದೆ ಎಂದಲ್ಲ, ಮನೆ ಸೋರುತ್ತಿದೆ ಎಂದು. ಹೆಂಚಿನ ಸಂದಿಯಿಂದ ನೀರು ರೀಪರಿನ ಮೇಲಿಳಿದು ಹಳೆ ಹೋಲ್ಡರಿಗೆ ಸೇರಿರಬಹುದು, ಇಲಿ ಕಡಿದ ಜಾಗ ಒದ್ದೆ ಮಣ್ಣಿನ ಗೋಡೆಗೆ ತಾಗಿರಬಹುದು, ಗೀಸರಿನ ಎಲಿಮೆಂಟ್ ಸೀಳಿರಬಹುದು. ಪತ್ತೆ ಹಚ್ಚುವುದು ಕಷ್ಟವಲ್ಲ. ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ, ಒಂದೊಂದೇ ಎಂಸಿಬಿ ಮೇಲೆತ್ತುತ್ತ ಬರಬೇಕು. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲಿ ದೋಷ. ಪ್ಲಗ್ ಹಾಕಿದಾಗ ಬಿದ್ದರೆ ಆ ಉಪಕರಣದಲ್ಲಿ. ಆ ಲೈನನ್ನು ವೈರ್‌ಮ್ಯಾನ್ ಹೊದಿಕೆಯ ಪ್ರತಿರೋಧ ಅಳೆಯುವ ಮೆಗ್ಗರ್ ಇಟ್ಟು ನೋಡಿದರೆ ಕನಿಷ್ಠ ಒಂದು ಮೆಗಾಓಮ್ ತೋರಿಸಬೇಕು. ಮೆಗ್ಗರ್ ಇಟ್ಟುಕೊಂಡಿರುವ ವೈರ್‌ಮ್ಯಾನ್ ಸಿಕ್ಕರೆ ಆತನ ನಂಬರ್ ಬರೆದಿಟ್ಟುಕೊಳ್ಳಿ.

ಇನ್ನೊಂದು ತೊಡಕು ಇಬ್ಭಾಗವಾದ ಮನೆಗಳದ್ದು. ಭಾಗ ಮಾಡುವಾಗ ಗೋಡೆ ಕಟ್ಟುತ್ತಾರೆ, ವೈರನ್ನು ಯಾರೂ ಭಾಗ ಮಾಡುವುದಿಲ್ಲ. ಬಾಡಿಗೆಯವರ ಹಾಲಿನ ಸ್ವಿಚ್ಚಿಗೆ ಓನರ ಜಗಲಿಯ ದೀಪ ಹತ್ತುತ್ತದೆ. ಫೇಸ್ ಒಂದು ಕಡೆಯಿಂದ ಬಂದರೆ ನ್ಯೂಟ್ರಲನ್ನು ಹತ್ತಿರ ಸಿಕ್ಕ ಯಾವುದೋ ಲೈನಿಂದ ತೆಗೆದುಕೊಂಡಿರುತ್ತಾರೆ. ಹೀಗೆ ನ್ಯೂಟ್ರಲ್ ಬೆರೆತ ಮನೆಗೆ ಆರ್‌ಸಿಸಿಬಿ ಕೂರಿಸಿದರೆ ಹೋದ ಕರೆಂಟು ಬೇರೆ ದಾರಿಯಲ್ಲಿ ಬರುವುದರಿಂದ ಅದು ನಿಲ್ಲುವುದೇ ಇಲ್ಲ. ಇದಕ್ಕೆ ಮದ್ದು ಒಂದೇ. ಬಾಡಿಗೆ ಭಾಗಕ್ಕೆ ಮೀಟರ್‌ನಿಂದ ಬೇರೆಯೇ ಫೇಸ್, ನ್ಯೂಟ್ರಲ್, ಅರ್ಥ್ ಮೂರನ್ನೂ ಎಳೆಯುವುದು.

ಅರ್ಥಿಂಗ್ ಬಗ್ಗೆ ಇಲ್ಲಿ ಒಂದು ತಪ್ಪು ನಂಬಿಕೆ ಇದೆ: ನೆಲ ಯಾವಾಗಲೂ ತಂಪು, ಅದಕ್ಕೆ ಅರ್ಥಿಂಗ್ ತಾನಾಗಿ ಚೆನ್ನಾಗಿರುತ್ತದೆ ಎಂದು. ಜುಲೈಗೆ ಇದು ಒಪ್ಪುವ ಮಾತು. ಆದರೆ ಫೆಬ್ರುವರಿ, ಮಾರ್ಚಿನಲ್ಲಿ ಗುಡ್ಡದ ಮೇಲ್ಮಣ್ಣು ಒಣಗಿ ಬಿರಿದಿರುತ್ತದೆ, ಕೆಳಗೆ ಬಂಡೆ ಇರುತ್ತದೆ. ಗುಡುಗು ಸಿಡಿಲಿನ ಮೊದಲ ಮಳೆ ಬರುವುದೂ ಅದಾದ ಮೇಲೆಯೇ. ಎರಡೂವರೆ ಮೀಟರ್ ಜಿ.ಐ. ಪೈಪನ್ನು ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ನಿಲ್ಲಿಸಿ, ಬೇಸಿಗೆಯಲ್ಲಿ ಅದರ ಬಾಯಿಗೆ ನೀರು ಹೊಯ್ಯುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಗುಂಡಿ ತೋಡುವ ಶ್ರಮ ತಪ್ಪಿಸಲು ಕೆಲವರು ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಕೊಟ್ಟುಬಿಡುತ್ತಾರೆ. ಇದು ಕೊಲ್ಲುವ ಕೆಲಸ. ಮರದ ಕೊಂಬೆ ಬಿದ್ದು ನ್ಯೂಟ್ರಲ್ ಎಲ್ಲಾದರೂ ಕಡಿದರೆ ಫ್ರಿಜ್ಜಿನ ಬಾಗಿಲು, ಗೀಸರಿನ ಮೈ, ನಲ್ಲಿ ಎಲ್ಲಕ್ಕೂ 230 ವೋಲ್ಟ್ ಬಂದು ಕೂರುತ್ತದೆ.

ನ್ಯೂಟ್ರಲ್ ಕಡಿಯುವುದು ಇಲ್ಲಿ ಮಳೆಗಾಲದ ಮಾಮೂಲಿ ಸಂಗತಿ. ಸಿಲ್ವರ್ ಮರ ಲೈನಿನ ಮೇಲೆ ಒರಗದ ವಾರವಿಲ್ಲ. ಕಂಬದಲ್ಲಿ ನ್ಯೂಟ್ರಲ್ ಹೋದರೆ ಕರೆಂಟು ಹೋಗುವುದಿಲ್ಲ, ವೋಲ್ಟೇಜ್ ಏರುಪೇರಾಗುತ್ತದೆ. ಒಂದು ಮನೆಯ ಬಲ್ಬು ಸಾಯುವಂತೆ ಮಂಕಾದರೆ ಪಕ್ಕದ ಮನೆಯದು ಕಣ್ಣು ಕೋರೈಸುವಂತೆ ಉರಿಯುತ್ತದೆ. 400 ವೋಲ್ಟಿನ ಹತ್ತಿರದವರೆಗೂ ಹೋಗಬಹುದು. ದೀಪ ಇದ್ದಕ್ಕಿದ್ದಂತೆ ಬೆಳ್ಳಗೆ ಉರಿದರೆ ಬೇರೇನೂ ಯೋಚಿಸದೆ ಮೇನ್ ಇಳಿಸಿ, ಆಮೇಲೆ 1912ಕ್ಕೆ ಫೋನ್ ಮಾಡಿ. ಲೋ ವೋಲ್ಟೇಜ್ ಎಂದು ಎಲ್ಲವನ್ನೂ ಜನ ಇನ್ನೂ ಕೆಇಬಿ ಎನ್ನುವ ವಿದ್ಯುತ್ ನಿಗಮದವರ ತಲೆಗೆ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಗೀಸರ್ ಹಾಕಿದಾಗ ನಿಮ್ಮ ದೀಪ ಮಾತ್ರ ಕುಗ್ಗುತ್ತದೋ, ಬೀದಿಯದೆಲ್ಲ ಕುಗ್ಗುತ್ತದೋ ನೋಡಿ. ಬೀದಿಯದೆಲ್ಲ ಸಂಜೆ ಹೊತ್ತು ಕುಗ್ಗಿದರೆ ಲೈನಿನ ಕೊನೆಯ ಮನೆಗಳ ಪಾಡು ಅದು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಬರೆದುಕೊಡಿ. ನಿಮ್ಮದು ಮಾತ್ರ ಕುಗ್ಗಿದರೆ ದೋಷ ನಿಮ್ಮ ಸರ್ವಿಸ್ ವೈರಿನಲ್ಲೋ ಮನೆಯೊಳಗೋ ಇದೆ. ಮೀಟರ್‌ವರೆಗಿನದು ನಿಗಮದ ಹೊಣೆ, ಅದರಿಂದೀಚಿನದು ಮನೆಯವರದು.

ದಿನಗಟ್ಟಲೆ ಕರೆಂಟು ಇಲ್ಲದಾಗ ಜನರೇಟರ್ ಹೊರಬರುತ್ತದೆ. ಎರಡೂ ಕಡೆ ಪಿನ್ ಇರುವ ವೈರು ಮಾಡಿಕೊಂಡು ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೇ ಚುಚ್ಚುವ ರೂಢಿಯನ್ನು ಹೋಂಸ್ಟೇಗಳಲ್ಲೂ ಬಾಡಿಗೆ ಮಹಡಿಗಳಲ್ಲೂ ನೋಡಿದ್ದೇನೆ. ಮೇನ್ ಇಳಿಸಲು ಮರೆತರೆ ಆ ಕರೆಂಟು ಮೀಟರ್ ದಾಟಿ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಏರಿ, 11 ಸಾವಿರ ವೋಲ್ಟಿನ ಲೈನಿಗೇ ಹೋಗುತ್ತದೆ. ಅದೇ ಹೊತ್ತಿಗೆ, ಲೈನ್ ಸತ್ತಿದೆ ಎಂದು ನಂಬಿ, ಮಳೆಯಲ್ಲಿ ರೈನ್‌ಕೋಟ್ ಹಾಕಿಕೊಂಡು ಕಂಬ ಹತ್ತಿದ ಲೈನ್‌ಮ್ಯಾನ್ ಒಬ್ಬ ಎಲ್ಲೋ ಮೇಲಿರುತ್ತಾನೆ. ನಮ್ಮ ಮನೆಗೆ ಬೆಳಕು ತರಲೆಂದೇ ಹತ್ತಿದವನು. ಲೈನಿನ ಕರೆಂಟು, ಜನರೇಟರಿನದು ಎರಡೂ ಸೇರದಂತೆ ತಡೆಯುವ ಚೇಂಜ್ ಓವರ್ ಸ್ವಿಚ್ ಇಲ್ಲದ ಜನರೇಟರ್ ಇರುವ ಮನೆಗೆ ಬಾಡಿಗೆ ಹೋಗಿದ್ದರೆ ಓನರ್ ಹತ್ತಿರ ಜಗಳವಾದರೂ ಸರಿ, ಅದನ್ನು ಹಾಕಿಸಿ.

ದುಡ್ಡು ಯಾರು ಕೊಡಬೇಕು? ಈ ಪ್ರಶ್ನೆಗೇ ಎಲ್ಲ ಕೆಲಸ ನಿಂತುಹೋಗುವುದು. ಬಾಡಿಗೆಯವರಿಗೆ, ನಾಳೆ ಬಿಟ್ಟುಹೋಗುವ ಮನೆಗೆ ಏಕೆ ಸುರಿಯಬೇಕೆಂಬ ಯೋಚನೆ. ಓನರಿಗೆ, ತಾನು ವಾಸವಿಲ್ಲದ ಮನೆಗೆ ಏಕೆ ಎಂಬ ಯೋಚನೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಕೆಲಸವನ್ನು ಹಂಚಿದೆ: ಒಳಗಿನ, ಹೊರಗಿನ ವೈರಿಂಗ್ ಮಾಲೀಕರದು, ಸ್ವಿಚ್ಚು, ಸಾಕೆಟ್ಟು, ಗೀಸರ್ ರಿಪೇರಿ ಬಾಡಿಗೆದಾರರದು. ಅದು ರಾಜ್ಯಗಳಿಗೆ ಮಾದರಿ ಮಾತ್ರ, ತಾನಾಗಿ ಇಲ್ಲಿ ಜಾರಿಯಾಗದು. ಆದರೆ ಆ ಸಾಲನ್ನು ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಬರೆಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಬರೆಸಿದ ಮೇಲೆ ಬಲ ಕೊಡುವುದು ಬಹಳ ಹಳೆಯ ಕಾನೂನು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಮಾಲೀಕರು ತಾವು ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. "ಮಾಡಿಸಬೇಕಾದ" ಎಂಬ ಮಾತು ನಿಲ್ಲುವುದು ಕರಾರಿನ ಮೇಲೆ, ಅದಕ್ಕೇ ಆ ಒಂದು ಸಾಲು ಬೇಕು. ನೋಟಿಸ್ ಎಂದರೆ ವಕೀಲರೇ ಬೇಕಿಲ್ಲ. ಕಂದಿದ ಸಾಕೆಟ್ಟಿನ ಫೋಟೋ ಸಮೇತ ದಿನಾಂಕ ಹಾಕಿದ ಒಂದು ಪತ್ರ ಕೊಟ್ಟು, ಪ್ರತಿಯೊಂದನ್ನು ಇಟ್ಟುಕೊಂಡರೆ ಶುರುವಿಗೆ ಸಾಕು.

ಇಂಗ್ಲೆಂಡಿನಲ್ಲಿ 2020ರ ಜುಲೈಯಿಂದ ಹೊಸ ಬಾಡಿಗೆಗಳಿಗೆ, ಮರುವರ್ಷ ಏಪ್ರಿಲ್‌ನಿಂದ ಹಳೆಯ ಬಾಡಿಗೆಗಳಿಗೂ, ಕನಿಷ್ಠ ಐದು ವರ್ಷಕ್ಕೊಮ್ಮೆ ಅರ್ಹ ವ್ಯಕ್ತಿಯಿಂದ ವೈರಿಂಗ್ ತಪಾಸಣೆ ಮಾಡಿಸಿ ವರದಿಯನ್ನು ಬಾಡಿಗೆದಾರರ ಕೈಗೆ ಕೊಡಬೇಕೆಂಬ ನಿಯಮ ಬಂತು. ನಮ್ಮಲ್ಲಿ ಹೊಸ ಸಂಪರ್ಕ ಕೊಡುವಾಗ ಪರವಾನಗಿ ಇರುವ ಗುತ್ತಿಗೆದಾರರ ವರದಿ ಕೇಳುತ್ತಾರೆ. ಆಮೇಲೆ ಆ ಮನೆಗೆ ಐವತ್ತು ವರ್ಷವಾದರೂ ವೈರನ್ನು ಯಾರೂ ಕೇಳುವುದಿಲ್ಲ. ಬಾಡಿಗೆಗೆ ಕೊಡುವ ಮನೆಗಳಿಗಾದರೂ ಇಂಥ ತಪಾಸಣೆ ಬರಲೇಬೇಕು. ಪರವಾನಗಿ ಇರುವ ವೈರ್‌ಮ್ಯಾನ್‌ಗಳಿಗೆ ಅದರಿಂದ ಊರಲ್ಲೇ ಕೆಲಸವೂ ಸಿಗುತ್ತದೆ.

ಇನ್ನು ಮೀಟರಿನ ವಿಚಾರ. 2023ರ ಆಗಸ್ಟಿನಿಂದ ಸೊನ್ನೆ ಬಿಲ್ ಕೊಡುತ್ತಿರುವ ರಾಜ್ಯದ ಗೃಹಜ್ಯೋತಿ ಯೋಜನೆ ಬಾಡಿಗೆಯವರಿಗೂ ಸಿಗುತ್ತದೆ. ಒಂದು ಆರ್.ಆರ್. ನಂಬರಿನಲ್ಲಿ ಎರಡು ಮೂರು ಸಂಸಾರ ಇದ್ದರೆ ಒಟ್ಟು 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬಂದು ಜಗಳಕ್ಕೆ ನಿಲ್ಲುತ್ತದೆ. ಸರ್ವಿಸ್ ವೈರಿನ ಮೇಲಿನ ಹೊರೆಯೂ ಮೂರು ಮನೆಯದು. ವಿದ್ಯುತ್ ಕಾಯ್ದೆ 2003ರ 43ನೇ ಕಲಮು ಸಂಪರ್ಕಕ್ಕೆ ಅರ್ಜಿ ಹಾಕುವ ಹಕ್ಕನ್ನು ಮಾಲೀಕರಿಗಷ್ಟೇ ಕೊಟ್ಟಿಲ್ಲ, ವಾಸವಿರುವವರಿಗೂ ಕೊಟ್ಟಿದೆ. ಬೇರೆ ಮೀಟರ್ ಕೇಳಿ. ಒಂದು ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ಐದು ಕಿಲೋವ್ಯಾಟ್ ಎಳೆಯುತ್ತಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಕೊಡಿಸಿ. ನಿಗದಿತ ಶುಲ್ಕ ಸ್ವಲ್ಪ ಏರುತ್ತದೆ ಎಂದು ಓನರುಗಳು ಹಿಂಜರಿಯುತ್ತಾರೆ. ಆ ವ್ಯತ್ಯಾಸವನ್ನು ಬಾಡಿಗೆಯವರು ಹೊತ್ತರೂ ನಷ್ಟವಿಲ್ಲ.

ತೋಟದ ಲೈನ್‌ಮನೆಗಳಲ್ಲಿ ಇರುವವರಿಗೆ ಈ ಯಾವ ದಾರಿಯೂ ಇಲ್ಲ. ಅವರು ಬಾಡಿಗೆದಾರರಲ್ಲ, ಕರಾರೂ ಇಲ್ಲ. ಕೆಲಸ ಇದ್ದಷ್ಟು ದಿನ ಮನೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೇ ಮನೆ ಕೊಡುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹಾಕಿತ್ತು. ದೊಡ್ಡ ತೋಟಗಳಲ್ಲಿ ಪರವಾಗಿಲ್ಲ. ಸಣ್ಣ ಕಡೆಗಳಲ್ಲಿ ಮೊದಲ ಮನೆಗೆ ಬಂದ ವೈರು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಕಿಟಕಿಯಿಂದ ಕಿಟಕಿಗೆ ಎಳೆದು ಟೇಪು ಸುತ್ತಿರುತ್ತದೆ. ಅಸ್ಸಾಮಿನಿಂದ ಬಂದ ಹುಡುಗರು ಕೊನೆಯ ಮನೆಯಲ್ಲಿ ಒಂದೇ ಪ್ಲಗ್ಗಿಗೆ ಎಂಟು ಫೋನು, ಒಂದು ಕಾಯಿಲ್ ಹಾಕಿಕೊಂಡಿರುತ್ತಾರೆ. ದೂರು ಕೊಡಲು ಅವರಿಗೆ ಭಾಷೆಯೂ ಇಲ್ಲ, ಧೈರ್ಯವೂ ಇಲ್ಲ. ಲೈನ್‌ಮನೆಗಳಿಗೆ ಪ್ರತಿ ಮನೆಗೊಂದು ಆರ್‌ಸಿಸಿಬಿ ಎಂಬುದನ್ನು ಬೆಳೆಗಾರರ ಸಂಘಗಳೇ ಕೈಗೆತ್ತಿಕೊಂಡರೆ ತೋಟವೊಂದಕ್ಕೆ ತಗಲುವ ಖರ್ಚು ಕೆಲವು ಮೂಟೆ ಕಾಫಿಯದಷ್ಟೇ.

ವೈರಿಂಗ್ ಬದಲಾಗುವ ತನಕ ಬದುಕಬೇಕಲ್ಲ. ಗೀಸರ್, ಇಂಡಕ್ಷನ್, ಇಸ್ತ್ರಿಪೆಟ್ಟಿಗೆ, ಈ ಮೂರರಲ್ಲಿ ಒಂದು ಹೊತ್ತಿಗೆ ಒಂದೇ. ಗೀಸರಿಗೂ ಕಾಯಿಲಿಗೂ ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಕಾಯಿಲ್ ಹಾಕಿದ ಬಕೆಟ್ಟಿಗೆ ನೀರು ಕಾದಿದೆಯೇ ಎಂದು ಬೆರಳಿಡುವ ಮುನ್ನ ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನನ್ನೇ ಕಿತ್ತು ಬದಿಗಿಡಿ. ಹಳೆ ಮನೆಗಳಲ್ಲಿ ಸ್ವಿಚ್ಚು ಫೇಸಿಗೆ ಬದಲು ನ್ಯೂಟ್ರಲಿಗೆ ಹಾಕಿರುವುದು ಸಾಮಾನ್ಯ, ಅಂಥಲ್ಲಿ ಆಫ್ ಮಾಡಿದ ಮೇಲೂ ಕಾಯಿಲಿನಲ್ಲಿ ಕರೆಂಟು ಇರುತ್ತದೆ. ಗೀಸರ್ ಆಫ್ ಮಾಡಿಯೇ ಸ್ನಾನಕ್ಕೆ ಇಳಿಯಿರಿ. ನಲ್ಲಿ ಒಮ್ಮೆ ಜುಂ ಅಂದರೂ ಆ ದಿನದಿಂದಲೇ ಗೀಸರ್ ಬಂದ್. ಯಾರಿಗಾದರೂ ಕರೆಂಟು ಹಿಡಿದುಕೊಂಡರೆ ಮೈ ಮುಟ್ಟಬೇಡಿ, ಮೊದಲು ಮೇನ್ ಇಳಿಸಿ. ಮೇನ್ ಎಲ್ಲಿದೆ ಎಂದು ಮನೆಯ ಮಕ್ಕಳಿಗೂ ಗೊತ್ತಿರಲಿ. ಅದು ಓನರ ಬೀಗ ಹಾಕಿದ ಕೋಣೆಯಲ್ಲಿದ್ದರೆ, ನಿಮ್ಮ ಭಾಗಕ್ಕೆ ಕೈಗೆಟಕುವ ಕಡೆ ಇನ್ನೊಂದು ಹಾಕಿಸುವುದು ಅಡ್ವಾನ್ಸ್ ಕೊಡುವ ಮುನ್ನವೇ ಇತ್ಯರ್ಥವಾಗಬೇಕಾದ ಮಾತು.

ಪೂರ್ತಿ ವೈರಿಂಗ್ ಮಾಡಿಸಲು ಇಲ್ಲಿ ಒಂದು ಕಾಲವಿದೆ. ಕೊಯ್ಲು ಮುಗಿದು, ಕಾಫಿ ಮಾರಿ ಓನರ್ ಕೈಯಲ್ಲಿ ದುಡ್ಡಾಡುವುದು, ಗೋಡೆ ಒಣಗಿ ಪೈಪಿಗೆ ಕಾಲುವೆ ಕೊರೆಯಲು ಬರುವುದು, ವೈರ್‌ಮ್ಯಾನ್‌ಗಳು ಕರೆದ ದಿನ ಬರುವುದು ಎಲ್ಲವೂ ಕೂಡಿಬರುವುದು ಫೆಬ್ರುವರಿ, ಮಾರ್ಚಿನಲ್ಲಿ. ಮಳೆಗಾಲದ ನಡುವೆ ಕೇಳಿದರೆ ಟೇಪು ಸುತ್ತಿ ಹೋಗುತ್ತಾರೆ, ಬೇರೆ ಏನೂ ಆಗುವುದಿಲ್ಲ. ಸಂಕ್ರಾಂತಿ ಹೊತ್ತಿಗೇ ಓನರ್ ಮನೆಗೆ ಹೋಗಿ ಮಾತಾಡಿ, "ಅಣ್ಣ, ವೈರು ನಿಮ್ದು, ಆರ್‌ಸಿಸಿಬಿ ನಂದು" ಎಂದು ಶುರು ಮಾಡಿದರೆ ಒಪ್ಪುವವರೇ ಹೆಚ್ಚು. ಗೀಸರಿನ ಲೈನು ಮೊದಲು, ಅರ್ಥಿಂಗ್ ಗುಂಡಿ ಜೊತೆಗೇ, ಉಳಿದ ಕೋಣೆಗಳು ಮುಂದಿನ ವರ್ಷಕ್ಕಾದರೂ ಆದೀತು. ಕೆಲಸ ಮುಗಿದ ದಿನ ವೈರ್‌ಮ್ಯಾನ್ ಎದುರಿಗೇ ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಬಟನ್ ಒತ್ತಿಸಿ, ಬೀಳುವುದನ್ನು ಕಣ್ಣಾರೆ ನೋಡಿ ದುಡ್ಡು ಕೊಡಿ. ಆಮೇಲೆ ತಿಂಗಳಿಗೊಮ್ಮೆ ನೀವೇ ಒತ್ತಿ.